ಮನೆ ಖರ್ಚು ಕಡಿಮೆ ಮಾಡುವುದು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ಬಿಗಿ ಮಾಡಬಾರದು

ಖರ್ಚು ಕಡಿಮೆ ಮಾಡಬೇಕು ಅಂತ ಅನ್ನಿಸಿದ ತಕ್ಷಣ ನಾವು ಕೈ ಹಾಕುವುದು ಸಣ್ಣ ಖುಷಿಗಳಿಗೆ. ಹೊರಗಿನ ತಿಂಡಿ ಬಂದ್, ಸಿನಿಮಾ ಬಂದ್, ಮಕ್ಕಳಿಗೆ ಆಟಿಕೆ ಬಂದ್. ಒಂದು ವಾರ ನಡೆಯುತ್ತದೆ. ಎರಡನೇ ವಾರಕ್ಕೆ ಮನೆಮಂದಿಯೆಲ್ಲ ಸಿಡಿಮಿಡಿ. ಆಮೇಲೊಂದು ದಿನ ಬೇಸತ್ತು, ಉಳಿಸಿದ್ದಕ್ಕಿಂತ ಜಾಸ್ತಿ ಖರ್ಚು ಮಾಡಿ ಸಮಾಧಾನ ಮಾಡಿಕೊಳ್ಳುತ್ತೇವೆ. ಅಷ್ಟೂ ಹೊತ್ತು ಸಾಲದ ಬಡ್ಡಿ, ಯಾರೂ ನೋಡದ ಸಬ್‌ಸ್ಕ್ರಿಪ್ಷನ್, ಬಳಸದ ಪ್ಲಾನು, ಇವೆಲ್ಲ ತಮ್ಮ ಪಾಡಿಗೆ ಹಣ ತಿನ್ನುತ್ತಲೇ ಇರುತ್ತವೆ.

ದಿನಾ ಮನಸ್ಸು ಗಟ್ಟಿ ಮಾಡಿಕೊಂಡು ಮಾಡುವ ಉಳಿತಾಯ ಹೆಚ್ಚು ಕಾಲ ಬಾಳುವುದಿಲ್ಲ. ಒಂದು ಸಲ ಕೂತು ಮಾಡಿ ಮುಗಿಸಿ, ಆಮೇಲೆ ಮರೆತುಬಿಡಬಹುದಾದ ಉಳಿತಾಯ ಬಾಳುತ್ತದೆ. ಅದಕ್ಕೇ ಇಲ್ಲಿ ಅಂಥ ಕೆಲಸಗಳು ಮೊದಲು, ದಿನನಿತ್ಯದ ಅಭ್ಯಾಸಗಳು ಆಮೇಲೆ.

ಮೊದಲ ತಿಂಗಳು: ಏನನ್ನೂ ಕಡಿಮೆ ಮಾಡಬೇಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳುತ್ತಾರೆ. ಹಾಸಿಗೆ ಎಷ್ಟುದ್ದ ಇದೆ ಅಂತ ಅಳೆದು ನೋಡುವವರು ಕಡಿಮೆ. ಈ ತಿಂಗಳ ಕೆಲಸ ಅಳೆಯುವುದು ಮಾತ್ರ. ಎಂದಿನಂತೆ ಖರ್ಚು ಮಾಡಿ, ಆದರೆ ಬರೆದಿಡಿ.

1904ರಷ್ಟು ಹಿಂದೆಯೇ ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ ಗೃಹಿಣಿಯರಿಗಾಗಿ ಮನೆ ಲೆಕ್ಕದ ಪುಸ್ತಕವೊಂದನ್ನು ರೂಪಿಸಿದರು. ಕಕೇಬೋ ಎಂಬ ಆ ಪದ್ಧತಿ ಇವತ್ತಿಗೂ ಬಳಕೆಯಲ್ಲಿದೆ. ಅದರ ಗುಟ್ಟು ದೊಡ್ಡದೇನಲ್ಲ. ಕೈಯಿಂದ ಬರೆಯುವಾಗ ಪ್ರತಿ ಖರ್ಚನ್ನೂ ಇನ್ನೊಂದು ಸಲ ನೋಡಿದಂತಾಗುತ್ತದೆ. ಮೊಬೈಲ್ ಆಪ್ ಬೇಕಿದ್ದರೆ ಬಳಸಿ, ತಪ್ಪೇನಿಲ್ಲ. ಆದರೆ ಆಪ್ ತಾನೇ ಎಲ್ಲ ಲೆಕ್ಕ ಹಾಕಿಕೊಟ್ಟರೆ ನಾವು ನೋಡುವುದನ್ನೇ ಬಿಟ್ಟುಬಿಡುತ್ತೇವೆ.

ಒಂದು ಸಾದಾ ನೋಟ್‌ಬುಕ್ ಸಾಕು. ತಾರೀಕು, ಯಾವುದಕ್ಕೆ, ಎಷ್ಟು. ಪಕ್ಕದಲ್ಲಿ ನಾಲ್ಕನೆಯ ಕಾಲಂ ಒಂದಿರಲಿ. ತಿಂಗಳ ಕೊನೆಗೆ ಪ್ರತಿ ಸಾಲನ್ನೂ ಓದಿ, "ಇದೇ ಖರ್ಚು ಮತ್ತೆ ಮಾಡುತ್ತಿದ್ದೆನಾ?" ಅಂತ ಕೇಳಿಕೊಂಡು ಹೌದು ಅಥವಾ ಇಲ್ಲ ಅಂತ ಗುರುತು ಹಾಕಿ. "ಯಾರು ಖರ್ಚು ಮಾಡಿದ್ದು" ಅನ್ನುವ ಕಾಲಂ ಮಾತ್ರ ಬೇಡ. ಅದರಿಂದ ಜಗಳ ಹುಟ್ಟುತ್ತದೆಯೇ ಹೊರತು ಉಳಿತಾಯ ಹುಟ್ಟುವುದಿಲ್ಲ.

ಒಂದು ತಿಂಗಳ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಬರುವ ಖರ್ಚು ಸಿಗುವುದಿಲ್ಲ. ಶಾಲೆ ಫೀಸು, ವಿಮೆ, ತೆರಿಗೆ, ಗಾಡಿ ಸರ್ವೀಸು, ಪ್ರವಾಸ. ಇವು ಬಂದಾಗೆಲ್ಲ ನಾವು "ಈ ತಿಂಗಳು ಯಾಕೋ ಜಾಸ್ತಿ ಆಯ್ತು" ಅನ್ನುತ್ತೇವೆ. ಯಾಕೋ ಅಲ್ಲ, ಅದು ಬರುವುದು ಗೊತ್ತಿದ್ದದ್ದೇ. ಬ್ಯಾಂಕಿನ ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ತೆಗೆದು ಇಂಥವನ್ನೆಲ್ಲ ಕೂಡಿಸಿ, 12ರಿಂದ ಭಾಗಿಸಿ. ಬಂದ ಮೊತ್ತವನ್ನು ಪ್ರತಿ ತಿಂಗಳ ಖರ್ಚು ಅಂತಲೇ ಬರೆದುಕೊಂಡು ಬೇರೆ ಖಾತೆಗೆ ಹಾಕುತ್ತಾ ಹೋಗಿ. ಎಷ್ಟೋ ಮನೆಗಳಲ್ಲಿ ಸಾಲ ಶುರುವಾಗುವುದೇ ಈ ವಾರ್ಷಿಕ ಖರ್ಚಿಗೆ ಹಣ ಎತ್ತಿಡದೆ.

ಎರಡನೆಯದು: ಕೂತಲ್ಲೇ ನಿಲ್ಲಿಸಬಹುದಾದ ಖರ್ಚು

ಒಂದು ಭಾನುವಾರ ಮಧ್ಯಾಹ್ನ ಸಾಕು. ಸ್ಟೇಟ್‌ಮೆಂಟಿನಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಗುರುತು ಮಾಡಿ. ವಿಡಿಯೊ, ಹಾಡು, ಮೊಬೈಲ್ ಸ್ಟೋರೇಜ್, ಹೋಗದ ಜಿಮ್, ಆಟದ ಆಪ್. "ಇದು ಬೇಕಾ ಬೇಡವಾ" ಅಂತ ಒಂದೊಂದಕ್ಕೂ ಯೋಚಿಸುತ್ತಾ ಕೂತರೆ ಎಲ್ಲವೂ ಬೇಕು ಅಂತಲೇ ಅನ್ನಿಸುತ್ತದೆ. ಅದರ ಬದಲು ಎಲ್ಲವನ್ನೂ ನಿಲ್ಲಿಸಿಬಿಡಿ. ಯಾವುದು ಇಲ್ಲದೆ ನಿಜಕ್ಕೂ ಆಗುವುದಿಲ್ಲವೋ ಅದನ್ನು ಮಾತ್ರ ಮತ್ತೆ ಶುರು ಮಾಡಿ. ನಿಲ್ಲಿಸುವ ಮೊದಲು ಸ್ಟೋರೇಜಿನಲ್ಲಿರುವ ಫೋಟೊಗಳನ್ನು ಬೇರೆ ಕಡೆ ಇಳಿಸಿಕೊಳ್ಳಿ, ಮರೆಯಬೇಡಿ.

ಫೋನು ಮತ್ತು ಇಂಟರ್ನೆಟ್ ಪ್ಲಾನ್ ನೋಡಿ. ತಿಂಗಳಿಗೆ ಎಷ್ಟು ಡೇಟಾ ಬಳಸಿದ್ದೀರಿ ಅನ್ನುವುದು ಫೋನಿನ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ. ಬಳಸುವುದು ಪ್ಲಾನಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಸಣ್ಣ ಪ್ಲಾನಿಗೆ ಇಳಿಯಿರಿ. ತಡವಾಗಿ ಕಟ್ಟಿದ್ದಕ್ಕೆ ದಂಡ, ಕನಿಷ್ಠ ಮೊತ್ತ ಇಲ್ಲದ್ದಕ್ಕೆ ಶುಲ್ಕ, ಇವುಗಳಿಂದ ನಮಗೆ ಏನೂ ಸಿಗುವುದಿಲ್ಲ. ಬಿಲ್ಲುಗಳು ತಾವಾಗಿಯೇ ಕಟ್ಟಿಹೋಗುವಂತೆ ಒಂದು ಸಲ ವ್ಯವಸ್ಥೆ ಮಾಡಿದರೆ ಮುಗಿಯಿತು.

ಈ ಹೆಜ್ಜೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಬಡ್ಡಿ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ "ಕನಿಷ್ಠ ಪಾವತಿ" ಅಂತ ಒಂದು ಸಣ್ಣ ಮೊತ್ತ ಇರುತ್ತದಲ್ಲ, ಅಷ್ಟೇ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ 3% ಅಂದರೆ ಕೇಳಲು ಸಣ್ಣದು. ಚಕ್ರಬಡ್ಡಿಯಲ್ಲಿ ಅದು ವರ್ಷಕ್ಕೆ 42%ಕ್ಕಿಂತ ಹೆಚ್ಚು. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷಕ್ಕೆ ಸಾಲ ದುಪ್ಪಟ್ಟು. ಇಂಥ ಸಾಲ ತಲೆ ಮೇಲಿಟ್ಟುಕೊಂಡು ಉಳಿತಾಯ ಖಾತೆಯ ಸಣ್ಣ ಬಡ್ಡಿಗೆ ಖುಷಿಪಡುವುದರಲ್ಲಿ ಅರ್ಥ ಇಲ್ಲ. ಕೈಯಲ್ಲಿ ಒಂದು ತಿಂಗಳ ಖರ್ಚಿನಷ್ಟು ಇಟ್ಟುಕೊಂಡು ಉಳಿದದ್ದನ್ನು ಸಾಲಕ್ಕೆ ಹಾಕಿ.

ಹಲವು ಸಾಲ ಇದ್ದರೆ? ಎಲ್ಲದಕ್ಕೂ ಕನಿಷ್ಠ ಕಂತು ಕಟ್ಟಿ, ಮಿಕ್ಕ ಹಣವನ್ನೆಲ್ಲ ಬಡ್ಡಿ ದರ ಅತಿ ಹೆಚ್ಚು ಇರುವ ಸಾಲಕ್ಕೆ ಹಾಕುವುದು ಲೆಕ್ಕದ ಪ್ರಕಾರ ಸರಿ. ಕೆಲವರು ಅತಿ ಸಣ್ಣ ಸಾಲವನ್ನು ಮೊದಲು ಮುಗಿಸುತ್ತಾರೆ. ಬಡ್ಡಿ ಸ್ವಲ್ಪ ಜಾಸ್ತಿ ಹೋಗುತ್ತದೆ ನಿಜ, ಆದರೆ ಒಂದು ಸಾಲ ತೀರಿದ ಹುರುಪಿನಲ್ಲಿ ಮುಂದಿನದೂ ತೀರುತ್ತದೆ. ನಿಮಗೆ ಯಾವುದು ಆಗುತ್ತದೋ ಅದನ್ನು ಮಾಡಿ. ಎರಡನ್ನೂ ಮಾಡದಿರುವುದು ಮಾತ್ರ ದುಬಾರಿ.

ಮೂರನೆಯದು: ಅಡುಗೆಮನೆ, ಅದರಲ್ಲೂ ಕಸದ ಬುಟ್ಟಿ

ದಿನಸಿಯ ಬಿಲ್ ಕಡಿಮೆ ಮಾಡಲು ಎಲ್ಲರೂ ಅಂಗಡಿ ಕಡೆ ನೋಡುತ್ತಾರೆ. ಮೊದಲು ನೋಡಬೇಕಾದ್ದು ಕಸದ ಬುಟ್ಟಿಯನ್ನು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ 60% ಪೋಲಾದದ್ದು ಹೋಟೆಲಿನಲ್ಲಿ ಅಲ್ಲ, ಅಂಗಡಿಯಲ್ಲೂ ಅಲ್ಲ, ಮನೆಗಳಲ್ಲಿ. ಅಂದರೆ ದುಡ್ಡು ಕೊಟ್ಟು, ಹೊತ್ತು ತಂದು, ಜಾಗ ಮಾಡಿ ಇಟ್ಟು, ಕೊನೆಗೆ ಬಿಸಾಡಿದ್ದು.

ಎರಡು ವಾರ ಬಿಸಾಡಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಬಾಡಿದ ಸೊಪ್ಪು, ಹಳಸಿದ ಸಾರು, ಅರ್ಧಕ್ಕೆ ನಿಂತ ಬಾಟಲಿ. ಹೆಚ್ಚಿನ ಮನೆಗಳಲ್ಲಿ ಅವೇ ನಾಲ್ಕೈದು ಹೆಸರು ಮತ್ತೆ ಮತ್ತೆ ಬರುತ್ತವೆ. ಅವನ್ನು ಕಡಿಮೆ ತನ್ನಿ, ಇಲ್ಲವೇ ಬೇರೆ ರೀತಿ ಇಡಿ. ಉಳಿದದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪಟ್ಟಿ ಮಾಡುವ ಕ್ರಮವನ್ನೂ ಬದಲಾಯಿಸಿ. ಈ ವಾರ ಏನು ಅಡುಗೆ ಮಾಡೋಣ ಅಂತ ಯೋಚಿಸಿ ಅದಕ್ಕೆ ಬೇಕಾದ್ದನ್ನು ತರುವುದು ಸಾಮಾನ್ಯ. ಅದನ್ನು ತಿರುಗಿಸಿ. ಮನೆಯಲ್ಲಿ ಏನು ಉಳಿದಿದೆ, ಅದರಲ್ಲಿ ಯಾವುದು ಬೇಗ ಕೆಡುತ್ತದೆ, ಅದನ್ನು ಮುಗಿಸಲು ಇನ್ನೇನು ಬೇಕು, ಅಷ್ಟು ಮಾತ್ರ ಪಟ್ಟಿಗೆ ಬರಲಿ. ಫ್ರಿಜ್ಜಿನಲ್ಲಿ ಕಣ್ಣಿನ ಮಟ್ಟದಲ್ಲಿ ಒಂದು ಟ್ರೇ ಇಟ್ಟು "ಮೊದಲು ಇದು" ಅಂತ ಬರೆದಿಡಿ. ಕೆಡುವ ಹಂತಕ್ಕೆ ಬಂದದ್ದೆಲ್ಲ ಅದರೊಳಗೆ. ಹೊಸದನ್ನು ತಂದಾಗ ಹಳೆಯದು ಮುಂದೆ, ಹೊಸದು ಹಿಂದೆ. ವಾರಕ್ಕೊಂದು ಹೊತ್ತು ಏನೂ ಕೊಳ್ಳದೆ ಆ ಟ್ರೇಯಲ್ಲಿ ಇದ್ದದ್ದರಿಂದಲೇ ಅಡುಗೆ ಮಾಡಿ. ಕೆಲವೊಮ್ಮೆ ವಿಚಿತ್ರ ರುಚಿ ಬರುತ್ತದೆ, ಇರಲಿ.

ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಹಾಗಾಗಿ ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗಿರುವುದು ಬೇಡ. ದೊಡ್ಡ ಪಾತ್ರೆಯಲ್ಲಿದ್ದರೆ ಆರುವುದೇ ಇಲ್ಲ. ಅಗಲವಾದ, ಆಳ ಕಡಿಮೆ ಇರುವ ಡಬ್ಬಿಗಳಿಗೆ ಹಾಕಿ ಬೇಗ ತಣಿಸಿ ಒಳಗಿಡಿ. ಪೊಟ್ಟಣದ ಮೇಲಿನ ತಾರೀಕನ್ನೂ ಸರಿಯಾಗಿ ಓದಿ. "ಬೆಸ್ಟ್ ಬಿಫೋರ್" ಅಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಅಂತ. ಸರಿಯಾಗಿ ಇಟ್ಟಿದ್ದರೆ ಮರುದಿನವೇ ಬಿಸಾಡಬೇಕಿಲ್ಲ. "ಯೂಸ್ ಬೈ" ಅಂತ ಇದ್ದರೆ ಅದು ಆರೋಗ್ಯದ ವಿಷಯ, ಅಲ್ಲಿ ಉಳಿಸಲು ಹೋಗಬೇಡಿ.

ಇನ್ನು ಅಂಗಡಿ. ಪೊಟ್ಟಣದ ಬೆಲೆ ನೋಡಬೇಡಿ, 100 ಗ್ರಾಂಗೆ ಎಷ್ಟು ಅಂತ ನೋಡಿ. 500 ಗ್ರಾಂ ಪೊಟ್ಟಣಕ್ಕೆ 90, 800 ಗ್ರಾಂಗೆ 152 ಅಂತಿಟ್ಟುಕೊಳ್ಳಿ. ದೊಡ್ಡದೇ ಅಗ್ಗ ಅಂತ ಕೈ ಹೋಗುತ್ತದೆ. ಲೆಕ್ಕ ಹಾಕಿದರೆ ಚಿಕ್ಕದು 100 ಗ್ರಾಂಗೆ 18, ದೊಡ್ಡದು 19. ಹಾಗೆಯೇ ಬೆಲೆ ಅಷ್ಟೇ ಇಟ್ಟು ತೂಕ ಇಳಿಸುವುದೂ ಮಾಮೂಲಿ. 1 ಕೆಜಿ ಇದ್ದದ್ದು 900 ಗ್ರಾಂ ಆದರೆ ಬೆಲೆ 11% ಏರಿದಂತೆಯೇ.

ದೊಡ್ಡ ಪೊಟ್ಟಣ ನಿಜವಾಗಿ ಅಗ್ಗವಾಗಿದ್ದರೂ ಎಲ್ಲದಕ್ಕೂ ಹೊಂದುವುದಿಲ್ಲ. ಸೋಪು, ಕಾಳು, ಉಪ್ಪು ಸರಿ. ಕೆಡುವಂಥದ್ದು ಬೇಡ. ಇನ್ನೊಂದು ಸಂಗತಿ ಇದೆ: ಡಬ್ಬಿ ದೊಡ್ಡದಾದರೆ ಬಳಸುವ ಕೈಯೂ ದೊಡ್ಡದಾಗುತ್ತದೆ. ಬಟ್ಟೆ ಸೋಪಿನ ಪುಡಿ, ಶಾಂಪೂ, ಪಾತ್ರೆ ತೊಳೆಯುವ ದ್ರವ ಇವನ್ನೆಲ್ಲ ನಾವು ಬೇಕಾದ್ದಕ್ಕಿಂತ ಜಾಸ್ತಿಯೇ ಸುರಿಯುತ್ತೇವೆ. ಪೊಟ್ಟಣದ ಮೇಲೆ ಬರೆದ ಅಳತೆ ಒಂದು ಸಲ ನೋಡಿ, ಡಬ್ಬಿಯಲ್ಲಿ ಅಷ್ಟೇ ಹಿಡಿಯುವ ಚಮಚ ಇಟ್ಟುಬಿಡಿ.

ಆಫರ್‌ಗಳ ಬಗ್ಗೆ ಒಂದೇ ಮಾತು. ಬೇಡದ ವಸ್ತುವಿಗೆ 30% ರಿಯಾಯಿತಿ ಅಂದರೆ 70% ದಂಡ. ಹೊಟ್ಟೆ ಹಸಿದಾಗ ಅಂಗಡಿಗೆ ಹೋಗಬೇಡಿ, ಆಗ ಎಲ್ಲವೂ ಬೇಕಾದ ವಸ್ತುವೇ ಆಗಿ ಕಾಣುತ್ತದೆ.

ನಾಲ್ಕನೆಯದು: ಕರೆಂಟು ಮತ್ತು ನೀರು

ದೀಪ ಆರಿಸಲಿಲ್ಲ ಅಂತ ಮಕ್ಕಳಿಗೆ ಬೈಯದ ಮನೆ ಇಲ್ಲ. ಒಂದು ಲೆಕ್ಕ ನೋಡಿ. ಒಂದು ಯೂನಿಟ್ ಅಂದರೆ 1000 ವಾಟ್‌ನ ಉಪಕರಣ ಒಂದು ಗಂಟೆ ಓಡಿದಾಗ ತಗಲುವ ವಿದ್ಯುತ್. 15 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.44 ಯೂನಿಟ್ ಬೇಕು. ಅಷ್ಟರಲ್ಲಿ 9 ವಾಟ್‌ನ ಒಂದು ಎಲ್‌ಇಡಿ ದೀಪ 48 ಗಂಟೆ ಉರಿಯುತ್ತದೆ. ಒಬ್ಬರ ಒಂದು ಬಕೆಟ್ ಬಿಸಿನೀರು ಅಂದರೆ ಎರಡು ಹಗಲು ಎರಡು ರಾತ್ರಿ ದೀಪ!

ದೀಪ ಆರಿಸಬೇಡಿ ಅಂತಲ್ಲ. ಬೈಗುಳವನ್ನು ಸರಿಯಾದ ಜಾಗಕ್ಕೆ ಕಳಿಸಿ ಅಂತ. ಬಿಸಿ ಮಾಡುವುದು, ತಣ್ಣಗೆ ಮಾಡುವುದು, ಈ ಎರಡು ಕೆಲಸ ಮಾಡುವ ಉಪಕರಣಗಳೇ ಬಿಲ್ಲಿನ ದೊಡ್ಡ ಪಾಲು ತಿನ್ನುತ್ತವೆ. ಗೀಸರ್, ಎಸಿ, ಹೀಟರ್, ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು. ಉಳಿದವೆಲ್ಲ ಆಮೇಲೆ.

ಗೀಸರಿನ ಉಷ್ಣತೆ ಪೂರಾ ಏರಿಸಿ, ಆಮೇಲೆ ತಣ್ಣೀರು ಬೆರೆಸಿಕೊಳ್ಳುವುದು ನಮ್ಮ ಅಭ್ಯಾಸ. ನೀರು ಬಿಸಿಯಾಗಿ ಸುಮ್ನೆ ಕೂತಷ್ಟೂ ಹೊತ್ತು ಶಾಖ ಸೋರುತ್ತದೆ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ, ಆರಿಸಿ. ಷವರ್ ನಿಮಿಷಕ್ಕೆ 8–10 ಲೀಟರ್ ಬಿಡುವಂಥದ್ದಾದರೆ ಐದು ನಿಮಿಷಕ್ಕೆ ಮೂರು ಬಕೆಟ್. ಎಸಿಯಲ್ಲಿ ಒಂದು ಡಿಗ್ರಿ ಏರಿಸಿದರೆ ಅದರ ವಿದ್ಯುತ್ ಬಳಕೆ ಸುಮಾರು 6% ಇಳಿಯುತ್ತದೆ. ಫ್ಯಾನ್ ಜೊತೆಗಿದ್ದರೆ ಆ ಒಂದೆರಡು ಡಿಗ್ರಿ ಗೊತ್ತೂ ಆಗುವುದಿಲ್ಲ. ವಾಷಿಂಗ್ ಮಷಿನ್‌ನಲ್ಲಿ ಬಿಸಿನೀರಿನ ಗುಂಡಿ ಒತ್ತಿದರೆ ಕರೆಂಟಿನ ಬಹುಪಾಲು ನೀರು ಕಾಯಿಸಲಿಕ್ಕೇ ಹೋಗುತ್ತದೆ. ಸಾಮಾನ್ಯ ಬಟ್ಟೆಗೆ ತಣ್ಣೀರು ಸಾಕು, ಮಷಿನ್ ತುಂಬಿದ ಮೇಲೆ ಹಾಕಿ.

ಫ್ರಿಜ್ಜು ವರ್ಷಪೂರ್ತಿ ಓಡುವ ಯಂತ್ರ. ಗೋಡೆಗೆ ಅಂಟಿಸಿಡಬೇಡಿ, ಹಿಂದೆ ಗಾಳಿ ಆಡಬೇಕು. ಬಾಗಿಲಿನ ರಬ್ಬರ್ ಸರಿ ಇದೆಯಾ ನೋಡಲು ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಬದಲಿಸುವ ಹೊತ್ತಾಗಿದೆ. ಒಲೆಯ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ. ಪ್ರೆಷರ್ ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯವರೆಗೆ ಹೋಗುವುದರಿಂದ ಬೇಗ ಬೇಯುತ್ತದೆ, ಇಂಧನ ಉಳಿಯುತ್ತದೆ. ಕಾಳು ನೆನೆಸಿಟ್ಟರೆ ಇನ್ನೂ ಬೇಗ.

ರಿಮೋಟಿನಲ್ಲಿ ಆರಿಸಿದ್ದು ಆರಿದಂತೆ ಅಲ್ಲ. ಟಿವಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್ ಎಲ್ಲ ಸೇರಿ ಸುಮ್ಮನೆ 10 ವಾಟ್ ಎಳೆಯುತ್ತಿದ್ದರೂ ವರ್ಷಕ್ಕೆ ಸುಮಾರು 88 ಯೂನಿಟ್. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ರಾತ್ರಿ ಒಂದೇ ಸ್ವಿಚ್ ಆರಿಸಿ.

ನೀರಿನ ಸೋರಿಕೆ ಹುಡುಕಲು ಪ್ಲಂಬರ್ ಬೇಕಿಲ್ಲ. ರಾತ್ರಿ ಮಲಗುವಾಗ ಮೀಟರ್ ಬರೆದಿಟ್ಟುಕೊಳ್ಳಿ. ರಾತ್ರಿ ಯಾರೂ ನೀರು ಬಳಸದೆಯೂ ಬೆಳಗ್ಗೆ ಅಂಕಿ ಬದಲಾಗಿದ್ದರೆ ಎಲ್ಲೋ ಸೋರುತ್ತಿದೆ. ಟಾಯ್ಲೆಟ್ಟಿನ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ, ಕಾಲು ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕೆಳಗೆ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಹತ್ತು ನಿಮಿಷ ಅಳತೆ ಲೋಟ ಇಟ್ಟು, ಬಂದದ್ದನ್ನು 144ರಿಂದ ಗುಣಿಸಿ. ಒಂದು ದಿನಕ್ಕೆ ಎಷ್ಟು ಹೋಗುತ್ತಿದೆ ಅಂತ ಗೊತ್ತಾದರೆ ಅವತ್ತೇ ರಿಪೇರಿ ಆಗುತ್ತದೆ.

ಹಳೆಯ ಉಪಕರಣ ಬದಲಿಸಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಅದು ಎಷ್ಟು ಗಂಟೆ ಓಡುತ್ತದೆ ಅನ್ನುವುದರಲ್ಲಿದೆ. 60 ವಾಟ್‌ನ ಹಳೇ ಬಲ್ಬಿನ ಜಾಗಕ್ಕೆ 9 ವಾಟ್‌ನ ಎಲ್‌ಇಡಿ ಹಾಕಿದರೆ, ದಿನಕ್ಕೆ ಐದು ಗಂಟೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. ದಿನಕ್ಕೆ ಐದು ನಿಮಿಷ ಓಡುವ ಮಿಕ್ಸಿಯನ್ನು ಕರೆಂಟು ಉಳಿಸಲಿಕ್ಕೆ ಅಂತ ಬದಲಿಸುವುದು ಬರೀ ನೆಪ, ಅಲ್ವಾ?

ಐದನೆಯದು: ಹೊಸ ವಸ್ತು ಕೊಳ್ಳುವ ಮುಂಚೆ

ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ. ಶಾಪಿಂಗ್ ಆಪ್‌ಗಳ ನೋಟಿಫಿಕೇಶನ್ ಬಂದ್ ಮಾಡಿ. ಕೊಳ್ಳುವುದು ಸ್ವಲ್ಪ ಕಷ್ಟವಾದರೆ ಸಾಕು, ಅರ್ಧ ಆಸೆ ಅಲ್ಲೇ ಇಳಿಯುತ್ತದೆ. ಸಣ್ಣ ವಸ್ತುವಿಗೆ ಒಂದು ದಿನ, ದೊಡ್ಡದಕ್ಕೆ ಒಂದು ತಿಂಗಳು ಕಾಯಿರಿ. ಬೇಕು ಅನ್ನಿಸಿದ್ದನ್ನು ತಾರೀಕಿನ ಜೊತೆ ಬರೆದಿಡಿ. ತಿಂಗಳಾದ ಮೇಲೂ ಬೇಕಿದ್ದರೆ ತಗೊಳ್ಳಿ, ಬೇಸರವಿಲ್ಲದೆ ತಗೊಳ್ಳಿ.

ಕಂತಿನಲ್ಲಿ ಕೊಳ್ಳುವಾಗ ತಿಂಗಳ ಮೊತ್ತ ಕೇಳಬೇಡಿ, ಕಟ್ಟಿ ಮುಗಿಸುವ ಹೊತ್ತಿಗೆ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ. ವರ್ಷಕ್ಕೆರಡು ಸಲ ಬೇಕಾಗುವ ಡ್ರಿಲ್ಲಿಂಗ್ ಮಷಿನ್, ಏಣಿ, ದೊಡ್ಡ ಸೂಟ್‌ಕೇಸ್ ಇವನ್ನು ನೆಂಟರು, ನೆರೆಯವರ ನಡುವೆ ಹಂಚಿಕೊಳ್ಳಬಹುದು. ಗಾಡಿ ಇದ್ದರೆ ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿ, ಕಡಿಮೆ ಇದ್ದರೆ ಇಂಧನವೂ ಜಾಸ್ತಿ ಹೋಗುತ್ತದೆ, ಟೈರೂ ಬೇಗ ಸವೆಯುತ್ತದೆ. ಮೂರು ಸಣ್ಣ ಕೆಲಸಕ್ಕೆ ಮೂರು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿ.

ಎಲ್ಲಿ ಉಳಿಸಬಾರದು

ಕೆಲವು ಕಡೆ ಕೈ ಬಿಗಿ ಮಾಡಿದರೆ ಆಮೇಲೆ ಹತ್ತರಷ್ಟು ಕೊಡಬೇಕಾಗುತ್ತದೆ. ವೈದ್ಯರು ಬರೆದ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸುವುದು, ಹಲ್ಲಿನ ಸಣ್ಣ ತೂತನ್ನು ಮುಂದೂಡುವುದು, ಆರೋಗ್ಯ ವಿಮೆ ಬಿಡುವುದು. ಗಾಡಿಯ ಬ್ರೇಕು, ಹೆಲ್ಮೆಟ್, ಮನೆಯ ವೈರಿಂಗ್, ಗ್ಯಾಸಿನ ಪೈಪು. ದಿನವಿಡೀ ನಿಲ್ಲುವವರ ಚಪ್ಪಲಿ. ಇವುಗಳಲ್ಲಿ ಅಗ್ಗದ್ದು ಹುಡುಕಬೇಡಿ. ವಿಮೆಯನ್ನು ಬಿಡುವ ಬದಲು ನವೀಕರಿಸುವ ಮುಂಚೆ ಎರಡು ಮೂರು ಕಡೆ ದರ ವಿಚಾರಿಸಿ. ಅಲ್ಲಿ ಉಳಿತಾಯ ಸಿಕ್ಕರೆ ಅದು ಸರಿಯಾದ ಉಳಿತಾಯ.

ಮನೆಯ ಪ್ರತಿಯೊಬ್ಬರಿಗೂ ಲೆಕ್ಕ ಕೊಡಬೇಕಿಲ್ಲದ ಸಣ್ಣ ಮೊತ್ತ ತಿಂಗಳಿಗೆ ಇರಲಿ. ಮಕ್ಕಳಿಗೂ ಇರಲಿ. ಅದರಲ್ಲಿ ಯಾರು ಏನು ತಗೊಂಡರೂ ಯಾರೂ ಕೇಳುವಂತಿಲ್ಲ. ಮಿತವ್ಯಯ ಜಿಪುಣತನವಾಗಿ ತಿರುಗಿ ಮನೆಮಂದಿ ಕದ್ದುಮುಚ್ಚಿ ಖರ್ಚು ಮಾಡುವಂತಾದರೆ ಮೊದಲ ತಿಂಗಳು ಬರೆದ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಉಳಿದ ಹಣ ಎಲ್ಲಿಗೆ ಹೋಗಬೇಕು

ಕಡಿಮೆ ಮಾಡಿದ ಖರ್ಚು ಅದೇ ಖಾತೆಯಲ್ಲಿ ಬಿದ್ದಿದ್ದರೆ ಇನ್ನೊಂದು ದಾರಿಯಲ್ಲಿ ಹೊರಟುಹೋಗುತ್ತದೆ. ಸಂಬಳ ಬಂದ ಮರುದಿನವೇ, ನಿಲ್ಲಿಸಿದ ಸಬ್‌ಸ್ಕ್ರಿಪ್ಷನ್ ಮತ್ತು ಇಳಿಸಿದ ಪ್ಲಾನುಗಳ ಮೊತ್ತ ತಾನಾಗಿಯೇ ಬೇರೆ ಖಾತೆಗೆ ಹೋಗುವಂತೆ ಮಾಡಿ. ದುಬಾರಿ ಸಾಲ ಇದ್ದರೆ ಮೊದಲು ಅದಕ್ಕೆ. ಸಾಲ ತೀರಿದ ಮೇಲೆ ಮೂರರಿಂದ ಆರು ತಿಂಗಳ ಮನೆ ಖರ್ಚಿನಷ್ಟು ಆಪತ್ತಿನ ಹಣ ಕೂಡಿಸಿ. ಆದಾಯ ನಿಶ್ಚಿತವಲ್ಲದಿದ್ದರೆ ಆರರ ಕಡೆಗೇ ಹೋಗಿ. ಸಂಬಳ ಏರಿದಾಗ ಏರಿದ್ದರಲ್ಲಿ ಅರ್ಧವನ್ನು ಕೈಗೆ ಸಿಗುವ ಮುಂಚೆಯೇ ಅಲ್ಲಿಗೆ ಕಳಿಸಿ, ಇನ್ನರ್ಧ ನಿಮ್ಮ ಖುಷಿಗೆ.

ಆರು ತಿಂಗಳಿಗೊಮ್ಮೆ ಅರ್ಧ ಗಂಟೆ ಮೀಸಲಿಟ್ಟು ಎರಡನೇ ಹೆಜ್ಜೆಯನ್ನು ಮಾತ್ರ ಮತ್ತೆ ಮಾಡಿ. ಅಷ್ಟರಲ್ಲಿ ಒಂದೆರಡು ಹೊಸ ಸಬ್‌ಸ್ಕ್ರಿಪ್ಷನ್ ಸೇರಿಕೊಂಡಿರುತ್ತವೆ, ಒಂದು ಉಚಿತ ಟ್ರಯಲ್ ಸದ್ದಿಲ್ಲದೆ ಹಣ ಕೀಳಲು ಶುರು ಮಾಡಿರುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ಆ ತಾರೀಕನ್ನು ಈಗಲೇ ಹಾಕಿಡಿ.